ಗೌರಿಯ ಒಪ್ಪಿಗೆ

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ನಮ್ಮ ಮನೆಗೆ ಬಂದ ಮರಿಗೆ ಆ ಯೋಗ ಪೂರ್ತಿಯಾಗಿ ಒದಗಲಿಲ್ಲ. ನ್ಯಾಮತಿಯಲ್ಲಿರುವ ನಮ್ಮ ಅಕ್ಕನ ಮನೆಯ ಅಟ್ಟದ ಮೇಲೆ ಹುಟ್ಟಿದ ಅದು, ಎರಡು ತಿಂಗಳು ತುಂಬಿದೊಡನೆ ಬಿದಿರಿನ ಬುಟ್ಟಿಯೊಂದರಲ್ಲಿ ಕುಳಿತು, ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ, ಒಂದೇ ಹಗಲಿನಲ್ಲಿ ಚನ್ನಗಿರಿಯನ್ನು ಸೇರಿತು. ಸೇತುವೆಯ ಮೇಲೆ ಅದು ಮಾಡಿದ ಆರ್ಭಟಕ್ಕೆ ಬಸ್ಸಿನಲ್ಲಿದ್ದವರೆಲ್ಲರೂ ತಿರುಗಿ ನೋಡಿದರು. ಅಂಗೈಯಗಲದ ಪ್ರಾಣಿಗೆ ಅಷ್ಟು ದೊಡ್ಡ ಕಂಠವನ್ನು ದೇವರು ಏತಕ್ಕೆ ಕೊಟ್ಟನೋ!

ಮನೆಯಲ್ಲಿ ಮೊದಲೇ ಒಂದು ಬೆಕ್ಕಿತ್ತು, ಹೆಸರು ಗೌರಿ. ಸಾಕಿದವರು ನಮ್ಮ ತಾಯಿಯವರು. ಅವರು ತೀರಿಕೊಂಡು ವರ್ಷವಾಗಿದ್ದರೂ ಗೌರಿ ಪ್ರತಿ ಸಂಜೆ ಅವರು ಕೂರುತ್ತಿದ್ದ ಮಣೆಯ ಬಳಿ ಸ್ವಲ್ಪ ಹೊತ್ತು ಕುಳಿತಿದ್ದು ಬರುತ್ತಿತ್ತು. ಇದನ್ನು ಕಂಡು, 'ಪಾಪ, ಒಂಟಿಯಾಗಿದೆ. ಜೊತೆಗೊಂದು ಮರಿಯಿದ್ದರೆ ಮರೆತೀತು' ಎಂದು ನಾನೇ ತೀರ್ಮಾನಿಸಿಬಿಟ್ಟೆ. ಗೌರಿಯನ್ನು ಯಾರೂ ಕೇಳಲಿಲ್ಲ.

ಬಂದ ಸಂಜೆಯೇ ಬುಟ್ಟಿಯನ್ನು ಅಡಿಗೆಮನೆಯ ನಡುವೆ ಇಟ್ಟು ಮುಚ್ಚಳ ತೆಗೆದೆ. ಮರಿ ಹೊರಕ್ಕೆ ನೆಗೆದು ನೆಟ್ಟಗೆ ಹೋಗಿ ಗೌರಿಯ ತಟ್ಟೆಗೆ ಬಾಯಿಟ್ಟಿತು. ಗೌರಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಬಾಲವನ್ನು ಉಬ್ಬಿಸಿ, ನಾವು ಹಿಂದೆಂದೂ ಕೇಳದಿದ್ದ ದನಿಯಲ್ಲಿ ಬುಸುಗುಟ್ಟಿತು. ನನ್ನ ತಪ್ಪು ಅಲ್ಲಿಗೂ ಮುಗಿಯಲಿಲ್ಲ. ಮರಿಯ ಪಕ್ಷ ವಹಿಸಿ ಗೌರಿಯನ್ನು ಗದರಿದೆ. ಅದು ನನ್ನ ಮುಖವನ್ನೊಮ್ಮೆ ನೋಡಿತು; ಹಿತ್ತಿಲ ಬಾಗಿಲಿನಿಂದ ಹೊರಟುಹೋಯಿತು.

ಮೂರು ದಿನ ಸುಳಿವಿಲ್ಲ. ಅಡಕೆಯ ತೋಟಗಳಲ್ಲಿ, ನೆರೆಯವರ ಹುಲ್ಲಿನ ಬಣವೆಗಳ ಸಂದಿಯಲ್ಲಿ ಹುಡುಕಿದ್ದಾಯಿತು. ಕಡೆಯ ದಿನಗಳಲ್ಲಿ ತಾಯಿಯವರು ತಮಗೆ ಅನ್ನ ಸೇರದಿದ್ದರೂ "ಗೌರಿಗೆ ಹಾಕಿದಿರೇನಪ್ಪಾ?" ಎಂದು ಕೇಳುತ್ತಿದ್ದರು. ರಾತ್ರಿ ಮಲಗಿದರೆ ಆ ಮಾತೇ ಕಿವಿಯಲ್ಲಿ. ನಾಲ್ಕನೆಯ ದಿನ ಹಿತ್ತಿಲಾಚೆ ಅಡಕೆಸಿಪ್ಪೆಯ ರಾಶಿಯ ಮೇಲೆ ಅದು ಕಂಡಿತು. ಕರೆದರೆ ಬರಲೊಲ್ಲದು. ತಾಯಿಯವರ ಹಳೆಯ ಸೀರೆಗಳಿಂದ ಹೊಲಿದ, ಗೌರಿ ಎಂದೂ ಮಲಗುತ್ತಿದ್ದ ಕೌದಿಯನ್ನು ತಂದು ಹಿತ್ತಿಲಿನಲ್ಲಿ ಹಾಸಿ ದೂರ ಸರಿದು ನಿಂತೆ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಬಂದು, ಮೂಸಿ, ಅದರ ಮೇಲೆ ಮಲಗಿತು.

ಈ ಸಂಗತಿಯನ್ನು ಹೇಳಿದಾಗ ಪರಿಚಿತ ಪಶುವೈದ್ಯರೊಬ್ಬರು, "ಉಪಾಯವನ್ನು ನೀವೇ ಕಂಡುಕೊಂಡಿದ್ದೀರಲ್ಲ!" ಎಂದು ನಕ್ಕರು. ಬೆಕ್ಕಿಗೆ ಬಂಧುತ್ವವೆಂದರೆ ವಾಸನೆ. ಅದರ ಕೆನ್ನೆಯಲ್ಲಿಯೂ ಹಣೆಯಲ್ಲಿಯೂ ಗಂಧಗ್ರಂಥಿಗಳಿವೆ. ನಮ್ಮ ಕಾಲಿಗೆ ಮುಖ ತಿಕ್ಕುವಾಗ ಅದು ನಮ್ಮನ್ನು ತನ್ನವರ ಲೆಕ್ಕಕ್ಕೆ ಬರೆದುಕೊಳ್ಳುತ್ತಿರುತ್ತದೆ. ಸೈಪ್ರಸ್ ದ್ವೀಪದ ಸುಮಾರು 9,500 ವರ್ಷಗಳ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿ ದೊರೆತ ವರ್ತಮಾನ 2004ರಲ್ಲಿ ಪ್ರಕಟವಾಯಿತು. ಅಷ್ಟು ಪುರಾತನವಾದ ಸಹವಾಸವಾದರೂ, ಒಂಟಿಯಾಗಿ ಬೇಟೆಯಾಡುವ ಕಾಡುಬೆಕ್ಕಿನ ವಂಶವಾದ ಕಾರಣ, ತನ್ನ ಎಲ್ಲೆಯೊಳಗೆ ಬಂದ ಅಪರಿಚಿತ ಬೆಕ್ಕು ಅದಕ್ಕೆ ಶತ್ರುವೇ. ಮೊದಲ ದರ್ಶನ ಕೆಟ್ಟರೆ ಬಹುಕಾಲ ಕಾಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಬಾಯಿ ಸುಟ್ಟುಕೊಂಡು ಹಾಲನ್ನು ಕಂಡರೇ ಓಡುತ್ತಿದ್ದ ಕಥೆ ಯಾರಿಗೆ ತಿಳಿಯದು?

ಆದುದರಿಂದ ಎಲ್ಲವನ್ನೂ ಹೊಸದಾಗಿ ಆರಂಭಿಸಿದೆವು. ವೈದ್ಯರು ಮರಿಯನ್ನು ಪರೀಕ್ಷಿಸಿ, ಚುಚ್ಚುಮದ್ದು ಹಾಕಿದರು. ಅದಕ್ಕೆ ಪ್ರತ್ಯೇಕ ಕೋಣೆ, ಪ್ರತ್ಯೇಕ ತಟ್ಟೆ, ನೀರು, ಮರಳು ತುಂಬಿದ ತಗಡಿನ ಪೆಟ್ಟಿಗೆ. ಮರಿಯ ಕೆನ್ನೆಗೆ ಒರೆಸಿದ ಬಟ್ಟೆಯ ಚೂರನ್ನು ಗೌರಿಯ ತಟ್ಟೆಯ ಬಳಿ ಇಟ್ಟೆವು. ಗೌರಿಯ ಕೆನ್ನೆಗೆ ಒರೆಸಿದ ಚೂರು ಮರಿಯ ಹಾಸಿಗೆಗೆ ಹೋಯಿತು. ಮೊದಲ ದಿನ ಗೌರಿ ಆ ಬಟ್ಟೆಗೇ ಬುಸುಗುಟ್ಟಿ ಊಟ ಬಿಟ್ಟೆದ್ದಿತು. ತಟ್ಟೆಯನ್ನು ದೂರಕ್ಕೆ ಸರಿಸಿದೆವು, ಗದರಲಿಲ್ಲ. ನಾಲ್ಕಾರು ದಿನಗಳಲ್ಲಿ ಅದರ ಪಕ್ಕದಲ್ಲಿಯೇ ಉಂಡಿತು. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಒಂದೇ ವೇಳೆಗೆ ಊಟ. ಗೌರಿಗೆ ಮೊದಲು, ಮರಿಗೆ ಅನಂತರ. ದಿನಕ್ಕೊಂದು ಗೇಣಿನಂತೆ ತಟ್ಟೆಗಳು ಬಾಗಿಲಿನ ಬಳಿಗೆ ಸರಿದವು. ಒಂದು ದಿನ ಬಾಗಿಲಿನ ಅಡಿಯ ಸಂದಿಯಿಂದ ಪುಟ್ಟ ಪಾದವೊಂದು ಹೊರಗೆ ಬಂದು ತಡಕಾಡಿತು. ಗೌರಿ ಅದನ್ನು ಮೂಸಿ, ಮತ್ತೆ ತನ್ನ ಊಟಕ್ಕೆ ತೊಡಗಿತು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು, ಒಲೆಯ ಹೊಗೆಯೆಂದಳು. ನಮ್ಮ ಮನೆಯಲ್ಲಿ ಗ್ಯಾಸಿನ ಒಲೆ ಬಂದು ಎಷ್ಟೋ ವರ್ಷಗಳಾಗಿವೆ.

ಬಾಗಿಲನ್ನು ಗೇಣಗಲ ತೆರೆದದ್ದು ಮೂರನೆಯ ವಾರದಲ್ಲಿ. ಮೊದಲು ಕ್ಷಣಕಾಲ, ಬಳಿಕ ಊಟದ ಹೊತ್ತು, ಬಳಿಕ ಅರ್ಧ ದಿನ. ಈಗಲೂ ಮರಿ ಮಿತಿಮೀರಿದರೆ ತಲೆಗೊಂದು ಏಟು ಬೀಳುತ್ತದೆ, ಉಗುರು ಒಳಗಿಟ್ಟುಕೊಂಡು. ಅವೆರಡೂ ಗೆಳೆಯರಾಗಿವೆಯೆಂದು ನಾನು ಹೇಳಲಾರೆ. ಸಂಜೆ ಗೌರಿ ಎಂದಿನಂತೆ ಆ ಮಣೆಯ ಬಳಿ ಹೋಗಿ ಕೂರುತ್ತದೆ. ಮರಿಯೂ ಹಿಂದೆಯೇ ಹೋಗಿ, ಒಂದು ಮೊಳ ದೂರದಲ್ಲಿ, ಏನನ್ನು ಕಾಯುತ್ತಿರುವುದೆಂದು ತಿಳಿಯದೆಯೇ, ಬಾಲವನ್ನು ಕಾಲಿಗೆ ಸುತ್ತಿಕೊಂಡು ಕುಳಿತಿರುತ್ತದೆ.