ಏರು ಬಂದರೆ ಇಳಿದು ತಳ್ಳು

ಹೋದ ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಮೈಸೂರಿಗೆ ವಾಪಸು ಬರುವಾಗ ಏರಿನಲ್ಲಿ ಏಳೆಂಟು ಹುಡುಗರ ಗುಂಪೊಂದು ನನ್ನನ್ನು ಹಿಂದೆ ಹಾಕಿತು. ಮೈಗಂಟಿದ ಬಣ್ಣದ ಬನಿಯನ್ನು, ತಲೆಗೆ ಹೆಲ್ಮೆಟ್ಟು. ಎಲ್ಲರೂ ಸೀಟು ಬಿಟ್ಟೆದ್ದು ಪೆಡಲಿನ ಮೇಲೆ ನಿಂತು ತುಳಿಯುತ್ತಿದ್ದರು. ನಾನು ಆ ಏರಿನಲ್ಲೂ ಬೆಚ್ಚಿ, "ಏಯ್, ಪಿನ್ನು ಹೋಗುತ್ತೆ ಕಣ್ರೋ!" ಎಂದು ಕೂಗುವುದರಲ್ಲಿದ್ದೆ. ಅವರ ಸೈಕಲ್ಲಿಗೆ ಆ ಪಿನ್ನೇ ಇಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನನ್ನ ಸೋದರಮಾವನಿಗೆ ಬಾಡಿಗೆ ಸೈಕಲ್ಲಿನ ಅಂಗಡಿಯಿತ್ತು. ಒಂಬತ್ತು ಸೈಕಲ್ಲು. ಹಿಂದಿನ ಮಡ್‌ಗಾರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಒಂದರಿಂದ ಒಂಬತ್ತರವರೆಗೆ ನಂಬರು. ನಾಲ್ಕು ಮತ್ತು ಏಳು ಅಟ್ಲಾಸು, ಉಳಿದವು ಹರ್ಕ್ಯುಲಿಸ್ಸು, ಒಂದೇ ಒಂದು ರ‍್ಯಾಲೆ. ಆ ರ‍್ಯಾಲೆಯನ್ನು ಮಾವ ಗುರುತಿದ್ದವರಿಗೆ ಮಾತ್ರ ಕೊಡುತ್ತಿದ್ದರು. ಎಸ್ಸೆಸ್ಸೆಲ್ಸಿ ರಜೆಗೆ ಅಂಗಡಿಗೆ ಕೂತ ನಾನು ಆಮೇಲೆ ಆರು ವರ್ಷ ಅಲ್ಲೇ ಸಂಜೆ ಕಳೆದೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರು, ಸೈಕಲ್ ನಂಬರು, ಹೋದ ಹೊತ್ತು, ಬಂದ ಹೊತ್ತು ಬರೆಯುವುದು ನನ್ನ ಕೆಲಸ. ಪಂಕ್ಚರು, ಬೆಂಡು, ಓವರಾಲಿಂಗು ಮಾವನದು.

ಸೈಕಲ್ ಒಯ್ಯಲು ಬಂದವರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಏರು ಬಂದರೆ ಇಳಿದು ತಳ್ಳು." ಅದಕ್ಕೆ ಕಾರಣವಿತ್ತು. ಆಗಿನ ಸೈಕಲ್ಲುಗಳಲ್ಲಿ ಪೆಡಲಿನ ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುತ್ತಿದ್ದದ್ದು ಕಾಟರ್ ಪಿನ್ನು. ಬೆರಳುದ್ದದ, ಒಂದು ಪಕ್ಕ ಬೆಣೆಯ ಹಾಗೆ ತಟ್ಟಿದ ಉಕ್ಕಿನ ತುಂಡು. ಮೈಭಾರವೆಲ್ಲ ಬಿಟ್ಟು ನಿಂತು ತುಳಿದರೆ ಅದು ಸವೆಯುತ್ತದೆ, ಕ್ರ್ಯಾಂಕು ಲೊಟಕ್ ಲೊಟಕ್ ಎನ್ನಲು ಶುರುವಾಗುತ್ತದೆ. ಹೊಸ ಪಿನ್ನು ಹಾಕುವುದೆಂದರೆ ಹಳೆಯದನ್ನು ಸುತ್ತಿಗೆಯಲ್ಲಿ ಬಡಿದು ಕಳಚಿ, ಹೊಸದನ್ನು ಅರದಲ್ಲಿ ಉಜ್ಜಿ ಕೂರಿಸಬೇಕು. ಮಾವನ ಕಿವಿ ಎಷ್ಟು ಸೂಕ್ಷ್ಮವೆಂದರೆ ಸೈಕಲ್ಲು ಅಂಗಡಿಗೆ ಬರುವ ಮೊದಲೇ ಆ ಸದ್ದು ಕೇಳಿ, "ಬಂದ ನೋಡು, ನಿಂತು ತುಳಿದವನು" ಅನ್ನುತ್ತಿದ್ದರು.

ಮೈಸೂರಿನ ಭೂಗೋಳ ನನಗೆ ತಿಳಿದದ್ದು ಶಾಲೆಯಲ್ಲಲ್ಲ, ಆ ನೋಟ್‌ಬುಕ್ಕಿನಲ್ಲಿ. ಊರು ಇರುವುದು ದಿಬ್ಬದ ಮೇಲೆ. ಉತ್ತರಕ್ಕೆ ಬಿದ್ದ ಮಳೆ ಕಾವೇರಿಗೆ, ದಕ್ಷಿಣಕ್ಕೆ ಬಿದ್ದದ್ದು ಕಬಿನಿಗೆ. ಶ್ರೀರಂಗಪಟ್ಟಣಕ್ಕಿಂತ ಮೈಸೂರು ಸುಮಾರು 80 ಮೀಟರ್ ಮೇಲಿದೆ. ಬೆಳಗೊಳದಿಂದ ನಲ್ಲಿಗೆ ಬರುವ ನೀರನ್ನೂ ಪಂಪು ಹಾಕಿಯೇ ಎತ್ತಬೇಕು. ಹೀಗಾಗಿ ಯಾವ ನದಿಯ ಕಡೆಗೆ ಹೊರಟರೂ ಹೋಗುವಾಗ ಇಳಿಜಾರು, ಬರುವಾಗ ಏರು. ಕೆ.ಆರ್.ಎಸ್. ಅಣೆಕಟ್ಟೆ ನೋಡಲು ಹೊರಟ ಕಾಲೇಜು ಹುಡುಗರು ಹೋಗುವಾಗಿನ ಹೊತ್ತನ್ನೇ ಎರಡರಿಂದ ಗುಣಿಸಿ ದುಡ್ಡು ತರುತ್ತಿದ್ದರು. ಬರುವಾಗ ಅದಕ್ಕೆ ಒಂದೂವರೆಪಟ್ಟು ಹಿಡಿಯುತ್ತಿತ್ತು. ಕಡಿಮೆ ಬಿದ್ದ ಬಾಕಿಗೆ ಕೈಗಡಿಯಾರ ಒತ್ತೆ. ನಮ್ಮ ಅಂಗಡಿಯ ಲಾಭವೆಲ್ಲ ಆ ಏರಿನದು ಎಂದರೂ ತಪ್ಪಿಲ್ಲ.

ಆದರೆ ಏರಿನ ನಿಜವಾದ ಲೆಕ್ಕ ಗೊತ್ತಿದ್ದವರು ಬೇರೆಯವರು. ಪಾಲಹಳ್ಳಿ, ಬೆಳಗೊಳದ ಕಡೆಯಿಂದ ಹಾಲು, ಸೊಪ್ಪು, ಹಸಿ ಹುಲ್ಲು ಸೈಕಲ್ಲಿನಲ್ಲೇ ಊರಿಗೆ ಬರುತ್ತಿತ್ತು. ಎರಡು ಕಡೆ ನೇತುಹಾಕಿದ ಕ್ಯಾನು, ಕ್ಯಾರಿಯರ್ ಮೇಲೆ ಇನ್ನೊಂದು. ಸೈಕಲ್ಲೇ 20 ಕೆ.ಜಿ., ಹಾಲು ಅದಕ್ಕಿಂತ ಭಾರ. ತುಂಬಿದ ಸೈಕಲ್ಲು ಏರಿಗೆ, ಖಾಲಿ ಸೈಕಲ್ಲು ಇಳಿಜಾರಿಗೆ. ಊರು ಮೇಲಿದ್ದು ಹಳ್ಳಿ ಕೆಳಗಿದ್ದರೆ ಹೀಗೇ ಆಗುವುದು. ಅವರಾರೂ ಅಲ್ಲಿ ಸವಾರಿ ಮಾಡಿದ್ದನ್ನು ನಾನು ಕಂಡಿಲ್ಲ. ಹ್ಯಾಂಡಲಿಗೆ ಎದೆಯೊಡ್ಡಿ ತಳ್ಳುತ್ತಾ, ಟಯರಿಗೆ ಕಲ್ಲು ಕೊಟ್ಟು ನಿಂತು, ಬೀಡಿ ಸೇದಿ, ಮತ್ತೆ ತಳ್ಳುತ್ತಿದ್ದರು. ಸಂಜೆ ಶಿಫ್ಟು ಬಿಟ್ಟಾಗ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಸೈಕಲ್ಲುಗಳು ಹೊರಡುತ್ತಿದ್ದವು. ದೇಶಕ್ಕೆಲ್ಲ ಮೋಟಾರ್ ಬೈಕು ಮಾಡಿ ಕಳಿಸುವವರು ತಾವು ಸೈಕಲ್ ತುಳಿದು ಮನೆಗೆ ಹೋಗುತ್ತಾರಲ್ಲ ಎಂದು ನನಗೆ ಆಗ ನಗು ಬರುತ್ತಿತ್ತು.

ಚಾಮುಂಡಿ ಬೆಟ್ಟಕ್ಕೆ ಮಾವ ಸೈಕಲ್ ಕೊಡುತ್ತಲೇ ಇರಲಿಲ್ಲ. ಬೆಟ್ಟ ಸಮುದ್ರಮಟ್ಟದಿಂದ 1000 ಮೀಟರಿಗೂ ಹೆಚ್ಚು ಎತ್ತರ. ಹತ್ತುವುದೇನೋ ತಳ್ಳಿಕೊಂಡು ಹತ್ತಬಹುದು, ಇಳಿಯುವಾಗ ಬ್ರೇಕ್ ರಬ್ಬರು ಏನು ಮಾಡೀತು? ಹದಿನಾರರ ವಯಸ್ಸಿನಲ್ಲಿ ಇದನ್ನು ಪರೀಕ್ಷೆ ಮಾಡದೆ ಇರಲು ನನಗಾಗಲಿಲ್ಲ. ಮಾವ ಮದುವೆಗೆ ಹೋದ ದಿನ ಏಳನೇ ನಂಬರನ್ನು ತೆಗೆದುಕೊಂಡು ಗೆಳೆಯನೊಬ್ಬನ ಜೊತೆ ಬೆಟ್ಟಕ್ಕೆ ಹೋದೆ. ಮೇಲೆ ಮುಟ್ಟುವಷ್ಟರಲ್ಲಿ ಹನಿ ಶುರುವಾಯಿತು. ಇಳಿಯುವಾಗ ಎರಡನೇ ತಿರುವಿಗೇ ಬ್ರೇಕು ಕೈಗೆ ಸಿಕ್ಕಂತೆ ಆಗಿ ಏನೂ ಹಿಡಿಯಲಿಲ್ಲ. ಹವಾಯಿ ಚಪ್ಪಲಿಯನ್ನು ಮುಂದಿನ ಟಯರಿಗೆ ಒತ್ತಿ ಹಿಡಿದೆ. ಸುಟ್ಟ ರಬ್ಬರಿನ ವಾಸನೆ ಬಂತೇ ಹೊರತು ವೇಗ ಇಳಿಯಲಿಲ್ಲ. ಕೊನೆಗೆ ನಾನೇ ಹುಡುಕಿಕೊಂಡು ಒಂದು ಮಣ್ಣಿನ ದಿಣ್ಣೆಗೆ ಗುದ್ದಿದೆ. ಮೊಣಕೈ ಕಿತ್ತುಹೋಯಿತು, ಮುಂದಿನ ಗಾಲಿ ಹಪ್ಪಳದ ಹಾಗೆ ಸೊಟ್ಟಗಾಯಿತು. ಮಾವ ಬೈಯಲಿಲ್ಲ. ಮರುದಿನ ಮೂರು ಗಂಟೆ ಕೂತು ಕಡ್ಡಿಕೀ ಹಿಡಿದು ಒಂದೊಂದೇ ಕಡ್ಡಿ ಬಿಗಿಮಾಡಿ ಬೆಂಡು ತೆಗೆದರು. ನೋಟ್‌ಬುಕ್ಕು ತೆರೆದು, ನನ್ನ ಹೆಸರು ಬರೆದು, ಹಿಂದಿನ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಬಾಡಿಗೆ ಹಾಕಿದರು.

ಅಂಗಡಿ ಯಾವಾಗ ಕೆಟ್ಟಿತೆಂದು ಒಂದು ದಿನ ಹೇಳಲಾಗದು. ಮೊದಲು ಲೂನಾ ಬಂತು, ಆಮೇಲೆ ಟಿವಿಎಸ್ ಫಿಫ್ಟಿ. ಹಾಲಿನವರು ಕ್ಯಾನುಗಳನ್ನು ಅದಕ್ಕೆ ಕಟ್ಟಿಕೊಂಡ ದಿನದಿಂದ ಏರು ಸುಮ್ಮನಾಯಿತು. 1996ರಲ್ಲಿ ಜಾವಾ ಕಾರ್ಖಾನೆ ಬಾಗಿಲು ಹಾಕಿತು. ಅಷ್ಟರಲ್ಲಿ ಮಾವ ಐದು ಸೈಕಲ್ ಮಾರಿ, ಉಳಿದವನ್ನು ಬಿಚ್ಚಿ ಬಿಡಿಭಾಗ ಮಾಡಿ, ಬರೀ ಪಂಕ್ಚರಿನವರಾಗಿದ್ದರು. 2006ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಕೆಲಕಾಲ ಕೈತುಂಬ ಕೆಲಸವಿತ್ತು. ಶಾಲೆಯಲ್ಲಿ ಕೊಟ್ಟ ಸೈಕಲ್ಲು ಮೊದಲು ಬರುತ್ತಿದ್ದದ್ದೇ ಮಾವನ ಹತ್ತಿರ, ನಟ್ಟು ಬೋಲ್ಟು ಬಿಗಿಮಾಡಿಸಿಕೊಳ್ಳಲು.

ಹೊಸ ಬಗೆಯ ಸೈಕಲ್ಲು ಅಂಗಡಿಗೆ ಬಂದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಕೆ.ಆರ್.ಎಸ್. ಕಡೆಗೆ ಹೊರಟಿದ್ದ ಒಬ್ಬ ಹುಡುಗ ಗಾಳಿ ಕೇಳಿಕೊಂಡು ಬಂದ. ಮಾವ ಪಂಪು ಹಿಡಿದು ಬಗ್ಗಿದರು, ಹಾಗೇ ಎದ್ದರು. ವಾಲ್ವು ಬಾಲ್‌ಪೆನ್ನಿನ ರೀಫಿಲ್ಲಿನ ಹಾಗೆ ಸಣ್ಣಗಿತ್ತು, ಅವರ ಪಂಪಿಗೆ ಹಿಡಿಯುವಂತಿರಲಿಲ್ಲ. ಹುಡುಗನೇ ಜೇಬಿನಿಂದ ಒಂದು ಹಿತ್ತಾಳೆಯ ತುಂಡು ತೆಗೆದು ತಿರುಗಿಸಿ ಕೂರಿಸಿದ. ಎಷ್ಟು ಗಾಳಿ ಎಂದು ಮಾವ ಕೇಳಿದರೆ "ತೊಂಬತ್ತು" ಅಂದ. ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಸಾಕು ಬೇಕು ಹೇಳುತ್ತಿದ್ದ ಮಾವನಿಗೆ ಗಾಳಿಗೂ ನಂಬರಿದೆ ಅನ್ನುವುದು ಲಾರಿಯವರ ವಿಷಯವಾಗಿತ್ತು. ಆಮೇಲೆ ಅವರು ಆ ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ಇಳಿಸಿದರು. ಒಂಬತ್ತು ಕೆ.ಜಿ.ಯೂ ಇರಲಿಲ್ಲವೇನೋ. ಕ್ರ್ಯಾಂಕಿನ ಬುಡಕ್ಕೆ ಕಣ್ಣು ತಂದು ಬಹಳ ಹೊತ್ತು ನೋಡಿ, "ಪಿನ್ನೇ ಇಲ್ಲ" ಅಂದರು. ನಿಂತು ತುಳಿಯಬಹುದೇ ಎಂದು ಕೇಳಿದರು. "ನಿಂತೇ ತುಳಿಯೋದು ಅಂಕಲ್" ಅಂದ ಹುಡುಗ. ಗಾಳಿಗೆ ಮಾವ ದುಡ್ಡು ತೆಗೆದುಕೊಳ್ಳಲಿಲ್ಲ.

2017ರಲ್ಲಿ ಊರಿನಲ್ಲಿ ಟ್ರಿಣ್ ಟ್ರಿಣ್ ಬಂತು, 450 ಬಾಡಿಗೆ ಸೈಕಲ್ಲು. ಕಾರ್ಡು ಮುಟ್ಟಿಸಿದರೆ ಬೀಗ ತೆರೆಯುತ್ತಿತ್ತು, ನೋಟ್‌ಬುಕ್ಕಿರಲಿಲ್ಲ, ಒತ್ತೆಯಿಟ್ಟ ಗಡಿಯಾರವಿರಲಿಲ್ಲ. ಅದನ್ನು ನೋಡಲು ಮಾವನನ್ನು ಕರೆದುಕೊಂಡು ಹೋಗಿದ್ದೆ. "ಬೆಂಡು ಯಾರು ತೆಗೀತಾರೆ?" ಎಂಬುದೊಂದೇ ಅವರ ಪ್ರಶ್ನೆ. 2020ರ ಜೂನ್ 3, ವಿಶ್ವ ಸೈಕಲ್ ದಿನದಂದೇ ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿದ ಸುದ್ದಿಯನ್ನು ಪೇಪರಿನಲ್ಲಿ ಓದಿ ಹೇಳಿದಾಗ, ಹಾಸಿಗೆ ಹಿಡಿದಿದ್ದ ಅವರು, "ಏಳನೇ ನಂಬರಿನ ಬೆಲ್ಲು ಚೆನ್ನಾಗಿತ್ತು" ಅಂದರು. ಮುಂದಿನ ವರ್ಷ ತೀರಿಕೊಂಡರು.

ಅದೇ ವರ್ಷ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಯ ರಸ್ತೆ ಕುಸಿದು ವಾಹನ ನಿಂತಿತು. ಅದರ ನಂತರ ನಾನು ಹಳೆಯ ಸೇಡು ತೀರಿಸಿಕೊಳ್ಳುವವನ ಹಾಗೆ ಗೇರಿನ ಸೈಕಲ್ಲೊಂದನ್ನು ಕೊಂಡೆ. ಈಗ ನನ್ನ ದಾರಿ ಒಂದೇ: ಒಂಟಿಕೊಪ್ಪಲು ಬಿಟ್ಟು, ನೋಟು ಅಚ್ಚುಹಾಕುವ ಪ್ರೆಸ್ಸಿನ ಉದ್ದ ಕಾಂಪೌಂಡು ದಾಟಿ ಬೆಳಗೊಳ, ಅಲ್ಲಿ ಬಲಕ್ಕೆ ತಿರುಗಿದರೆ ವಿರಿಜಾ ನಾಲೆಯ ಗದ್ದೆಗಳು, ಪಾಲಹಳ್ಳಿ, ರಂಗನತಿಟ್ಟು. ಪಶ್ಚಿಮವಾಹಿನಿ ದಾಟಿ ಶ್ರೀರಂಗಪಟ್ಟಣದ ದ್ವೀಪ, ಗಂಜಾಂ, ಸಂಗಮ. ಮೈ ಹಗುರವಿದ್ದ ದಿನ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ನೋಡಿಕೊಂಡು ಕರಿಘಟ್ಟದವರೆಗೆ. ಕೆ.ಆರ್.ಎಸ್. ಅಣೆಕಟ್ಟೆ 124.80 ಅಡಿ ಮುಟ್ಟಿ ಗೇಟು ಎತ್ತಿದ ವಾರವಾದರೆ ಹೊಳೆಯ ಸದ್ದು ಸೇತುವೆಗೆ ಬರುವ ಮುಂಚೆಯೇ ಕೇಳುತ್ತದೆ. ಆರು ವರ್ಷ ಈ ಊರುಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದವನು ನಾನು. ಕರಿಘಟ್ಟದ ಬುಡದಲ್ಲಿ ಲೋಕಪಾವನಿ ಹರಿಯುತ್ತದೆ ಎಂದು ಕಣ್ಣಾರೆ ಕಂಡದ್ದು ಐವತ್ತೈದು ದಾಟಿದ ಮೇಲೆ.

ಬೆಂಗಳೂರಿನ ಹೊಸ ಹೆದ್ದಾರಿ 2023ರಲ್ಲಿ ತೆರೆಯಿತು. ಆ ಆಗಸ್ಟಿನಿಂದ ಅದರ ನಡುದಾರಿಗೆ ಬೈಕು, ಆಟೊ, ಟ್ರ್ಯಾಕ್ಟರು ಯಾವುದಕ್ಕೂ ಪ್ರವೇಶವಿಲ್ಲ, ಸೈಕಲ್ಲಿಗಂತೂ ಇಲ್ಲವೇ ಇಲ್ಲ. ನಾವೆಲ್ಲ ಸರ್ವಿಸ್ ರಸ್ತೆಯ ಮಂದಿ. ಅದಕ್ಕೇ ಭಾನುವಾರ ಆ ಏರಿನಲ್ಲಿ ಹುಡುಗರು ಮುಂದೆ ಹೋದ ಮೇಲೆ ಉಸಿರು ಕಟ್ಟಿ ನಾನು ಇಳಿದು ತಳ್ಳತೊಡಗಿದಾಗ, ಪಕ್ಕದಲ್ಲೇ ಇನ್ನೊಬ್ಬರು ತಳ್ಳುತ್ತಿದ್ದರು. ಅರವತ್ತೈದರ ಮೇಲಿನ ವಯಸ್ಸು, ಹಳೇ ಸೈಕಲ್ಲು, ಹಿಂದೆ ಆಳೆತ್ತರದ ಹಸಿ ಹುಲ್ಲಿನ ಹೊರೆ. ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು.

"ಎಷ್ಟ್ ಕೊಟ್ರಿ ಸ್ವಾಮಿ?"

ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವರು ನಿಂತುಬಿಟ್ಟರು. ಮತ್ತೆ ಎರಡು ಹೆಜ್ಜೆ ತಳ್ಳಿ, ಸೀಟಿನ ಹಿಂದಿನ ಖಾಲಿ ಜಾಗಕ್ಕೆ ಗಲ್ಲ ತೋರಿಸಿದರು.

"ಕ್ಯಾರಿಯರ್ರೇ ಇಲ್ವಲ್ಲ. ಹುಲ್ಲ ಎಲ್ ಕಟ್ಟೀರಿ?"

ನಾನು ನಕ್ಕೆ. ಅವರು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು.