ಹೊಸ ಮೆಟ್ಟು

ಬಂಟವಾಳ, ಬೆಳ್ತಂಗಡಿಗಳ ನೆಲದಲ್ಲಿ ಮಳೆಗೂ ಚರ್ಮಕ್ಕೂ ಹುಟ್ಟುಹಗೆ. ಆಟಿಯ ಮಳೆಯಲ್ಲಿ ಮೂಲೆಯಲ್ಲಿಟ್ಟ ಮೆಟ್ಟು ಬೂಸಲು ಹಿಡಿಯುವುದು. ಆದುದರಿಂದ ಇಲ್ಲಿಯ ಹಿರಿಯರಲ್ಲಿ ಬಹುಮಂದಿ ಬರಿಗಾಲಿನಲ್ಲೇ ನಡೆದರು.

ಅಥಣಿಯ ಕಡೆಯಿಂದ ಕೈಹೊಲಿಗೆಯ ಮೆಟ್ಟು ತರಿಸಿದವನು ಮೊದಲು ತಾಳ್ಮೆಯನ್ನು ಕಲಿಯಬೇಕು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಂಡು, ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯಲ್ಪಟ್ಟ ಆ ಜೋಡು ಮೊದಮೊದಲು ಹೆಬ್ಬೆರಳ ಸಂದನ್ನು ಕಚ್ಚುವುದು. ಎಣ್ಣೆ ಸವರಿ, ದಿನಕ್ಕೊಂದು ಗಳಿಗೆ ಅಂಗಳದಲ್ಲಿ ಮೆಟ್ಟಿ ತಿರುಗಿದರೆ ಕ್ರಮೇಣ ಒಡೆಯನ ಪಾದದ ಉಬ್ಬುತಗ್ಗುಗಳನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುವುದು. 2019ರಲ್ಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಈ ಮೆಟ್ಟಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಕರ್ನಾಟಕದ 4 ಜಿಲ್ಲೆಗಳೂ ಅದರಲ್ಲಿ ಪಾಲುಗೊಂಡವು.

ಮೂಡಬಿದಿರೆಯಲ್ಲಿ ಕ್ರಿ.ಶ. 1430ರ ಸಾವಿರ ಕಂಬದ ಬಸದಿಯ ಮುಂದೆ ಎಷ್ಟು ಬೆಲೆಯ ಮೆಟ್ಟಾದರೂ ಹೊರಗೇ ಉಳಿಯಬೇಕು. ಅದು ಯುಕ್ತವೇ. ಆದರೆ ಈ ನಾಡಿನ ಎಷ್ಟೋ ಹೊಸ್ತಿಲುಗಳಾಚೆ ಮೆಟ್ಟಿನೊಡನೆ ಅದನ್ನು ಹೊಲಿದವನನ್ನೂ ನಿಲ್ಲಿಸಿದ್ದುಂಟು. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನು 'ಶರಣು' ಎನ್ನಲು ಬಸವಣ್ಣನವರು 'ಶರಣು ಶರಣಾರ್ಥಿ' ಎಂದರೆಂದೂ, ಆ ಒಂದು ಹೆಚ್ಚಿನ ವಂದನೆಯ ಋಣವನ್ನು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದ ಮೆಟ್ಟುಗಳಿಂದ ತೀರಿಸಹೊರಟರೆಂದೂ ಐತಿಹ್ಯವಿದೆ. ಹೊಲಿದವರು ತಮ್ಮ ಋಣವನ್ನು ಹಾಗೆ ಎಣಿಸಿದರು; ಮೆಟ್ಟಿ ನಡೆದವರು ತಮ್ಮದನ್ನು ಇನ್ನೂ ಎಣಿಸಬೇಕಾಗಿದೆ.