ತೆಳು ಫೋನು, ದಪ್ಪ ಪೌಚು

10 ಸೆಪ್ಟೆಂಬರ್ 2025, ಬುಧವಾರ

ಅಕ್ಕನ ಮಗ ನಿನ್ನೆ ರಾತ್ರಿ ನಿದ್ದೆಗೆಟ್ಟು ಆಪಲ್‌ನವರ ಕಾರ್ಯಕ್ರಮ ನೋಡಿದ್ದಾನೆ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ "ಮಾವ, ಬರೀ 5.6 ಮಿಲಿಮೀಟರ್!" ಅಂದ. ಐಫೋನ್ ಏರ್ ವಿಷಯ. ಆರೂವರೆ ಇಂಚಿನ ಪರದೆ, 165 ಗ್ರಾಂ ತೂಕ, ನಮ್ಮ ದೇಶದಲ್ಲಿ ಬೆಲೆ 1,19,900 ರೂಪಾಯಿಯಿಂದ ಶುರು. ಸಿಮ್ ಕಾರ್ಡಿಗೂ ಜಾಗವಿಲ್ಲ, ಇ-ಸಿಮ್ ಮಾತ್ರ.

ಬ್ಯಾಟರಿ ಎಷ್ಟು ಅಂತ ಕೇಳಿದೆ. ಆಪಲ್‌ನವರು ಎಂಎಎಚ್ ಲೆಕ್ಕ ಹೇಳುವುದೇ ಇಲ್ಲ, ಇಷ್ಟು ಗಂಟೆ ವಿಡಿಯೊ ನೋಡಬಹುದು ಅಂತಷ್ಟೇ ಹೇಳುತ್ತಾರೆ. ಅವನೂ ಅದನ್ನೇ ಒಪ್ಪಿಸಿದ. ಮಧ್ಯಾಹ್ನ ಊಟ ಮಾಡುತ್ತಾ ನಾನೇ ಹುಡುಕಿ ನೋಡಿದೆ. ಈ ಫೋನಿನ ಬೆನ್ನಿಗೆ ಅಂಟಿಸುವ ಇನ್ನೊಂದು ಬ್ಯಾಟರಿಯನ್ನೂ ನಿನ್ನೆಯೇ ಘೋಷಿಸಿದ್ದಾರೆ! ತೆಳುವಾಗಿಸಿದ್ದಕ್ಕೆ ಒಂದು ಬೆಲೆ, ಮತ್ತೆ ದಪ್ಪ ಮಾಡಿಕೊಳ್ಳಲು ಇನ್ನೊಂದು. ಮೇ ತಿಂಗಳಲ್ಲಿ ಬಂದ ಸ್ಯಾಮ್‌ಸಂಗ್ ಎಸ್25 ಎಡ್ಜ್ ಕೂಡ ಇದೇ ಜಾತಿ: 6.7 ಇಂಚು, 5.8 ಮಿ.ಮೀ., ಬ್ಯಾಟರಿ 3,900. ಅಷ್ಟೇ ದೊಡ್ಡ ಪರದೆಯ ಎಷ್ಟೋ ಅಗ್ಗದ ಫೋನುಗಳಲ್ಲಿ 5,000 ಇರುತ್ತದೆ.

ದುರ್ಗಿಗುಡಿಯ ನನ್ನ ಅಂಗಡಿಗೆ ಇವೆರಡೂ ರಿಪೇರಿಗೆ ಬರಲು ಇನ್ನೂ ಕಾಲ ಬೇಕು. ಬಂದಾಗ ನೋಡೋಣ.

14 ಸೆಪ್ಟೆಂಬರ್, ಭಾನುವಾರ

ಅಂಗಡಿಗೆ ರಜೆ. ಅಟ್ಟದಿಂದ ಹಳೇ ಫೋನುಗಳ ಡಬ್ಬಿ ಇಳಿಸಿಕೊಂಡು ವರ್ನಿಯರ್ ಹಿಡಿದು ಕೂತೆ. "ರಜೆ ದಿನವೂ ಅದೇ ಧ್ಯಾನವಾ ನಿಮಗೆ" ಅಂತ ಇವಳು ಬೈದಳು.

ನೋಕಿಯಾ 1100. 2003ರದ್ದು, 20 ಮಿ.ಮೀ. ದಪ್ಪ, ತೂಕ 86 ಗ್ರಾಂ, ನೆತ್ತಿಯ ಮೇಲೆ ಟಾರ್ಚು. ಪ್ರಪಂಚದಾದ್ಯಂತ 25 ಕೋಟಿಗೂ ಮಿಕ್ಕಿ ಖರ್ಚಾದ ಫೋನು. ಇದು ದಪ್ಪವಾಯಿತು ಅಂತ ಯಾರೂ ವಾಪಸ್ ತಂದದ್ದು ನನಗೆ ನೆನಪಿಲ್ಲ. 2007ರ ಮೊದಲ ಐಫೋನ್ ನನ್ನಲ್ಲಿಲ್ಲ. ಅದರ ಪರದೆ ಮೂರೂವರೆ ಇಂಚು, ದಪ್ಪ 11.6 ಮಿ.ಮೀ.

ಡಬ್ಬಿಯಲ್ಲಿ ಸಿಕ್ಕ ನಿಜವಾದ ರತ್ನ 2011ರ ಗ್ಯಾಲಕ್ಸಿ ನೋಟ್. 5.3 ಇಂಚು. ಅದು ಬಂದಾಗ ಜನ ಎಷ್ಟು ನಕ್ಕಿದ್ದರು! ಅದನ್ನು ಕೊಂಡ ವಕೀಲರೊಬ್ಬರಿಗೆ ಬಾರ್ ರೂಮಿನಲ್ಲಿ "ಸ್ಲೇಟು ಕಿವಿಗಿಟ್ಟುಕೊಂಡು ಯಾರ ಹತ್ತಿರ ಮಾತು" ಅಂತ ಗೇಲಿ ಮಾಡುತ್ತಿದ್ದರಂತೆ. ಇಂದು 5.3 ಇಂಚಿನ ಫೋನ್ ತೋರಿಸಿದರೆ ಮಕ್ಕಳ ಆಟಿಕೆಯಾ ಅಂತ ಕೇಳುತ್ತಾರೆ. ತಮಾಷೆ ಅಂದರೆ, ಅಡ್ಡಕ್ಕೆ ಅಳೆದರೆ ಆ ನೋಟ್ ಸುಮಾರು 83 ಮಿ.ಮೀ. ಈಗಿನ 6.9 ಇಂಚಿನ ಎಸ್25 ಅಲ್ಟ್ರಾ ಅಡ್ಡಕ್ಕೆ 77.6 ಮಾತ್ರ. "ದೊಡ್ಡ" ಫೋನು ಹಳೆಯದಕ್ಕಿಂತ ಕಿರಿದು.

ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುವುದರ ಕರಾಮತ್ತು ಇದು. ಸುತ್ತಲಿನ ಕಪ್ಪು ಅಂಚು ಮಾಯವಾಯಿತು, ಪರದೆ ಉದ್ದಕ್ಕೆ ಬೆಳೆಯಿತು. ಹಳೇ 16:9 ಅಳತೆಯ 5.5 ಇಂಚಿನ ಪರದೆ ಅಡ್ಡ 6.85 ಸೆಂ.ಮೀ., ಉದ್ದ 12.2. ಈಗಿನ 20:9ರ 6.7 ಇಂಚಿನದ್ದು ಅಡ್ಡ ಸುಮಾರು 7, ಉದ್ದ 15.5. ಅಡ್ಡಕ್ಕೆ ಒಂದೂವರೆ ಮಿಲಿಮೀಟರೂ ಹೆಚ್ಚಿಲ್ಲ, ಉದ್ದಕ್ಕೆ ಮೂರು ಸೆಂಟಿಮೀಟರಿಗೂ ಮೇಲೆ. ಅಂಗೈಗೆ ಬೇಕಾದದ್ದು ಅಡ್ಡದ ಲೆಕ್ಕ, ಹೆಬ್ಬೆರಳಿಗೆ ಬೇಕಾದದ್ದು ಉದ್ದದ ಲೆಕ್ಕ. ಡಬ್ಬಿಯ ಮೇಲೆ ಬರೆಯುವ ಇಂಚು ಎರಡನ್ನೂ ಹೇಳುವುದಿಲ್ಲ.

17 ಸೆಪ್ಟೆಂಬರ್, ಬುಧವಾರ

ಅಂಗನವಾಡಿ ಟೀಚರ್ ಒಬ್ಬರು ಬಂದಿದ್ದರು. ಫೋನಿನ ಕಾಂಬೋ, ಅಂದರೆ ಗಾಜು ಸೇರಿದ ಪರದೆ, ಒಡೆದಿದೆ, ಕೈಯಿಂದ ಜಾರಿ ಬಿತ್ತಂತೆ. ಜುಲೈಯಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಫಲಾನುಭವಿಗಳ ಮುಖ ತೋರಿಸಿಯೇ ಮನೆಗೆ ಕೊಡುವ ರೇಷನ್ ಹಂಚಬೇಕು. ಒಂದು ಕೈಲಿ ಮಗು, ಇನ್ನೊಂದರಲ್ಲಿ ಫೋನು. "ಮೇಲಿನ ಮೂಲೆ ಒತ್ತೋಕೆ ಹೋದ್ರೆ ಇಡೀ ಫೋನೇ ಕೈ ಬಿಡುತ್ತೆ ಅಣ್ಣಾ" ಅಂದರು. ಅವರ ಕೈ ನನ್ನ ಕೈಯ ಮುಕ್ಕಾಲು ಇರಬಹುದು. ಸೀರೆಗೆ ಜೇಬಿಲ್ಲ, ಚೂಡಿದಾರಕ್ಕೂ ಹೆಚ್ಚಾಗಿ ಇರುವುದಿಲ್ಲ. ಫೋನಿನ ಅಳತೆ ಗೊತ್ತುಮಾಡುವವರು ಯಾರ ಅಂಗೈ ನೋಡಿ ಮಾಡುತ್ತಾರೋ!

ಒಂದೇ ಕೈಲಿ ಬಳಸುವ ಮೋಡ್ ಹಾಕಿಕೊಟ್ಟೆ. ಅದನ್ನು ಒತ್ತಿದರೆ ಪರದೆಯ ಚಿತ್ರ ಕೆಳಗೆ ಕುಗ್ಗಿ ಬರುತ್ತದೆ. ದೊಡ್ಡ ಪರದೆ ಕೊಟ್ಟು, ಅದನ್ನು ಚಿಕ್ಕದು ಮಾಡಿಕೊಳ್ಳುವ ಸೌಲಭ್ಯವನ್ನೂ ಅವರೇ ಕೊಟ್ಟಿದ್ದಾರೆ.

ಚಿಕ್ಕ ಫೋನ್ ಯಾವುದಿದೆ ಅಂತ ಕೇಳಿದರು. ಅವರ ಬಜೆಟ್ಟಿನಲ್ಲಿ ಹೇಳಲು ನನಗೆ ಒಂದೂ ಹೊಳೆಯಲಿಲ್ಲ. ದುಬಾರಿಯದರಲ್ಲಿ ಆಪಲ್ 2020ರಲ್ಲಿ 12 ಮಿನಿ ತಂದಿತ್ತು, 5.4 ಇಂಚು, 135 ಗ್ರಾಂ. 2021ರಲ್ಲಿ 13 ಮಿನಿ. ಆಮೇಲೆ ಆ ಸಾಲೇ ನಿಂತಿತು, 2023ರಲ್ಲಿ ಕೊನೆಯದನ್ನೂ ಪಟ್ಟಿಯಿಂದ ತೆಗೆದರು. ಚಿಕ್ಕದು ಬೇಕು ಅನ್ನುವವರು ಕೊಳ್ಳಲಿಲ್ಲ ಅಂತ ಎಲ್ಲರೂ ಷರಾ ಬರೆದರು. ನನ್ನ ಷರಾ ಬೇರೆ. 12 ಮಿನಿಯನ್ನು 7.4 ಮಿ.ಮೀ.ಗೆ ತೆಳುವಾಗಿಸಿ, ಒಳಗೆ 2,227 ಎಂಎಎಚ್ ಬ್ಯಾಟರಿ ಹಾಕಿದ್ದರು. ಸಂಜೆಯೊಳಗೆ ಖಾಲಿಯಾಗುವ ಫೋನನ್ನು ಯಾರು ಕೊಳ್ಳುತ್ತಾರೆ? 13 ಮಿನಿಯನ್ನು ಕಾಲು ಮಿಲಿಮೀಟರ್ ದಪ್ಪ ಮಾಡಿ ದೊಡ್ಡ ಬ್ಯಾಟರಿ ಇಟ್ಟರು, ಫೋನೂ ಸುಧಾರಿಸಿತು. ಅದೇ ಎರಡು ಮಿಲಿಮೀಟರ್ ದಪ್ಪ ಮಾಡಿದ್ದರೆ? ಚಿಕ್ಕ ಫೋನನ್ನು ಕೊಂದದ್ದು ಅದರ ಚಿಕ್ಕತನವಲ್ಲ, ತೆಳುವಿನ ಹಟ.

22 ಸೆಪ್ಟೆಂಬರ್, ಸೋಮವಾರ

ನವರಾತ್ರಿ ಶುರು. ಜಿಎಸ್‌ಟಿ ಇಳಿದ ದಿನ ಅಂತ ಬೆಳಿಗ್ಗೆಯಿಂದ ಫೋನ್ ಎಷ್ಟು ಕಮ್ಮಿಯಾಯಿತು ಅಂತ ಕೇಳಿದ್ದೇ ಕೇಳಿದ್ದು. ಮೊಬೈಲಿಗೆ ಹಿಂದೆಯೂ ಶೇ. 18, ಈಗಲೂ ಶೇ. 18. ಹೇಳಿ ಹೇಳಿ ಗಂಟಲು ಒಣಗಿತು.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಬ್ಯಾಟರಿ ಊದಿ, ಹಿಂಬದಿಯ ಮುಚ್ಚಳವನ್ನೇ ಎತ್ತಿಬಿಟ್ಟಿದೆ. ಕೊಂಡು ಎರಡು ವರ್ಷ. ಅವರ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಮರುದಿನವೇ ಗತಿ. ಫೋನಿನಲ್ಲಿ ಇವರು ಅಡಿಕೆ ಧಾರಣೆ ನೋಡಬೇಕು, ಪಹಣಿ ನೋಡಬೇಕು, ಕೊನೆಗಾರರಿಗೆ ಫೋನ್ ಮಾಡಬೇಕು. ಕೊಳ್ಳುವಾಗ ತೆಳ್ಳಗೆ ಚೆಂದ ಕಂಡಿತು ಅಂತ ಕೊಂಡದ್ದಂತೆ.

ಅವರಿಗೆ ಲೆಕ್ಕ ಬಿಡಿಸಿ ಹೇಳಿದೆ. ದಿನಕ್ಕೆ 4,000 ಎಂಎಎಚ್ ಖರ್ಚು ಅಂತಿಟ್ಟುಕೊಳ್ಳಿ. 4,000ದ ಬ್ಯಾಟರಿ ಆದರೆ ದಿನಕ್ಕೊಂದು ಪೂರ್ತಿ ಚಾರ್ಜು, ಎರಡು ವರ್ಷಕ್ಕೆ 730 ಸುತ್ತು. 6,000ದ್ದಾದರೆ ಅದೇ ಕೆಲಸಕ್ಕೆ 490ರ ಒಳಗೆ. ಬ್ಯಾಟರಿಗೆ ವಯಸ್ಸಾಗುವುದು ವರ್ಷದಿಂದ ಮಾತ್ರವಲ್ಲ, ಸುತ್ತಿನಿಂದಲೂ. ಅಂದರೆ ತೆಳು ಫೋನು ಸಂಜೆಗೆ ಬೇಗ ಸಾಯುವುದಷ್ಟೇ ಅಲ್ಲ, ಆಯಸ್ಸಿನಲ್ಲೂ ಬೇಗ ಮುದಿಯಾಗುತ್ತದೆ. ಅಂಗಡಿಯಲ್ಲಿ ಮಾರುವವರು ಈ ಎರಡನೆಯ ಮಾತನ್ನು ಯಾರಿಗೂ ಹೇಳುವುದಿಲ್ಲ.

ಜಾಗ ಸಾಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2016ರ ನೋಟ್ 7 ಇದೆ. ಬ್ಯಾಟರಿಗಳು ಹೊತ್ತಿಕೊಂಡು ಕಂಪನಿ ಎಲ್ಲವನ್ನೂ ವಾಪಸ್ ತರಿಸಿಕೊಂಡಿತು. ನಮ್ಮ ವಿಮಾನಗಳಲ್ಲೂ ಅದನ್ನು ಬಳಸದಂತೆ ಆದೇಶ ಬಂದಿತ್ತು. ಮರುವರ್ಷ ಜನವರಿಯಲ್ಲಿ ಸ್ಯಾಮ್‌ಸಂಗ್ ತಾನೇ ಕಾರಣ ಹೇಳಿತು: ಒಂದು ಬಗೆಯ ಬ್ಯಾಟರಿಯ ಮೂಲೆಯಲ್ಲಿ ಒಳಪದರ ಬಾಗಿತ್ತು, ಇನ್ನೊಂದರಲ್ಲಿ ವೆಲ್ಡಿಂಗ್ ದೋಷ.

ಅವರು ಹೊಸದು ನೋಡಲು ಹೊರಟಾಗ ಅಕ್ಕನ ಮಗ ಪಕ್ಕದ ಅಂಗಡಿಗೆ ಜೊತೆಗೆ ಹೋದ. ತಂದದ್ದು ಎಂಟು ಮಿಲಿಮೀಟರಿನದು. ಬಂದವರೇ ಪೌಚ್ ಕೇಳಿದರು, ಗ್ಲಾಸ್ ಹಾಕಿಸಿದರು. ಈಗ ಅದು ಹನ್ನೊಂದು ಮಿಲಿಮೀಟರ್!

1 ಅಕ್ಟೋಬರ್, ಬುಧವಾರ

ಆಯುಧಪೂಜೆ. ಹೀಟ್ ಗನ್, ಸೆಪರೇಟರ್, ಮೈಕ್ರೋಸ್ಕೋಪ್, ಸ್ಕ್ರೂಡ್ರೈವರ್ ಸೆಟ್ ಎಲ್ಲಕ್ಕೂ ಅರಿಶಿನ ಕುಂಕುಮ. ಮಂಡಕ್ಕಿ ಹಂಚಿ ಬಾಗಿಲು ಹಾಕಿದೆವು.

12 ಅಕ್ಟೋಬರ್, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಅಡಿಗೆ ಮುಗಿಯುವವರೆಗೂ ಮಾವ-ಅಳಿಯನ ಜಗಳ. ಅಕ್ಕ "ನೀವಿಬ್ರೂ ಆ ಡಬ್ಬಿ ಕೆಳಗಿಡಿ" ಅಂದಳು.

ನಾನು ಹೇಳಿದ್ದು: ತಗಡು ತೆಳುವಾದರೆ ಬಾಗುತ್ತದೆ, ಅದೂ ಸರಿಸಮವಾಗಿ ಅಲ್ಲ. ದಪ್ಪ ಅರ್ಧವಾದರೆ ಗಡುಸು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. 2014ರಲ್ಲಿ ಐಫೋನ್ 6 ಪ್ಲಸ್ ಜೇಬಿನಲ್ಲಿ ಬಾಗಿತು ಅಂತ ಊರೆಲ್ಲ ಸುದ್ದಿಯಾಗಲಿಲ್ಲವೇ? ಮರುವರ್ಷದ ಮಾಡೆಲ್‌ನಲ್ಲಿ ಗಟ್ಟಿ ಅಲ್ಯೂಮಿನಿಯಂ ಬಂತು, 7.1ರಿಂದ 7.3 ಮಿ.ಮೀ.ಗೆ ಏರಿತು.

ಅವನು ಸುಮ್ಮನಾಗಲಿಲ್ಲ. ಈಗಿನ ಏರ್‌ನ ಚೌಕಟ್ಟು ಟೈಟಾನಿಯಂ, ಯೂಟ್ಯೂಬಿನಲ್ಲಿ ಕೈಯಿಂದ ಬಾಗಿಸಲು ಹೋದವರೇ ಸೋತಿದ್ದಾರೆ ಅಂತ ತೋರಿಸಿದ. ಬಿಚ್ಚಿ ನೋಡುವ ಐಫಿಕ್ಸಿಟ್‌ನವರು ರಿಪೇರಿಗೆ 10ಕ್ಕೆ 7 ಅಂಕ ಕೊಟ್ಟಿದ್ದಾರಂತೆ. ಸಣ್ಣ ಕರೆಂಟು ಹಾಯಿಸಿದರೆ ಬ್ಯಾಟರಿಯ ಅಂಟು ಬಿಡುತ್ತದಂತೆ. ಅದು ನಿಜವಾಗಿಯೂ ಒಳ್ಳೇ ಕೆಲಸ. ಅಂಟು ಕಿತ್ತು ಕಿತ್ತು ಉಗುರು ಸವೆಸಿಕೊಂಡ ನಾನು ಅದಕ್ಕೆ ಕೈ ಮುಗಿಯುತ್ತೇನೆ. ಮಡಚುವ ಫೋನುಗಳ ಮಾತಿನಲ್ಲೂ ಗೆದ್ದದ್ದು ಅವನೇ. ಜುಲೈನಲ್ಲಿ ಬಂದ ಝಡ್ ಫೋಲ್ಡ್ 7 ಬಿಚ್ಚಿದರೆ 8 ಇಂಚು, 4.2 ಮಿ.ಮೀ., ಮಡಚಿದರೆ 8.9. ಮಡಚುವಲ್ಲಿ ಪ್ರತಿ ಪದರವೂ ಎರಡೆರಡು ಸಲ ಕೂಡುವುದರಿಂದ ಅಲ್ಲಿ ತೆಳುವಿಗೆ ಅರ್ಥವಿದೆ. ಅಲ್ಲಿ ಮಾತ್ರ.

ಬ್ಯಾಟರಿಯ ವಿಷಯಕ್ಕೆ ಬಂದಾಗ ಅವನ ಹತ್ತಿರ ಉತ್ತರವಿರಲಿಲ್ಲ. ಚೀನಾದ ಕಂಪನಿಗಳು ಗ್ರಾಫೈಟ್ ಜೊತೆ ಸಿಲಿಕಾನ್ ಬೆರೆಸಿದ ಹೊಸ ಬ್ಯಾಟರಿ ತಂದು, ಎಂಟು ಮಿಲಿಮೀಟರ್ ಆಸುಪಾಸಿನ ಫೋನಿನಲ್ಲೇ 7,000 ಎಂಎಎಚ್ ತುರುಕಿವೆ. ಗಳಿಸಿದ ಜಾಗವನ್ನು ತೆಳುವಿಗೆ ಖರ್ಚು ಮಾಡದೆ ಬಾಳಿಕೆಗೆ ಹಾಕಿದ ಜಾಣತನ ಅದು. ಹಾಂ, ಕ್ಯಾಮೆರಾ. ಲೆನ್ಸಿಗೂ ಸೆನ್ಸರಿಗೂ ನಡುವೆ ಬೆಳಕು ಹಾಯಲು ದೂರ ಬೇಕೇ ಬೇಕು. ಅದನ್ನು ಯಾವ ಎಂಜಿನಿಯರನೂ ತೆಳುವಾಗಿಸಲಾರ. ಅದಕ್ಕೇ ಹೆಚ್ಚಿನ ಫೋನುಗಳಿಗೆ ಬೆನ್ನಲ್ಲಿ ಗೂನು, ಮೇಜಿನ ಮೇಲಿಟ್ಟರೆ ಅಲ್ಲಾಡುತ್ತದೆ. ಡಬ್ಬಿಯ ಮೇಲೆ ಬರೆಯುವ ದಪ್ಪ ಗೂನು ಬಿಟ್ಟು ಅಳೆದದ್ದು.

26 ಅಕ್ಟೋಬರ್, ಭಾನುವಾರ

ದೀಪಾವಳಿ ಮುಗಿಯಿತು. ಅಮ್ಮನಿಗೆ 6.7 ಇಂಚಿನದನ್ನೇ ತಂದುಕೊಟ್ಟೆ.

ಪರದೆ ದೊಡ್ಡದಾಗುವುದರ ವಿರುದ್ಧ ನಾನು ಮಾತಾಡಲಾರೆ. ಕಾರಣ ಅಮ್ಮ. ಬೆಳಿಗ್ಗೆ ವಾಟ್ಸ್ಆ್ಯಪಿನಲ್ಲಿ ಯಾರೋ ಕಳಿಸುವ ಪೇಪರಿನ ಪಿಡಿಎಫ್ ಓದುತ್ತಾಳೆ, ಎರಡು ಬೆರಳಲ್ಲಿ ಹಿಗ್ಗಿಸಿ, ಆಚೆ ಈಚೆ ಸರಿಸಿ. ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ ದೊಡ್ಡದು ಮಾಡಿಕೊಟ್ಟರೆ ಸಣ್ಣ ಪರದೆಯಲ್ಲಿ ಗುಂಡಿಯ ಮೇಲಿನ ಮಾತು ಅರ್ಧಕ್ಕೇ ತುಂಡಾಗಿ, ಯಾವುದು "ಮುಂದುವರಿಸಿ", ಯಾವುದು "ರದ್ದುಮಾಡಿ" ಗೊತ್ತಾಗುವುದಿಲ್ಲ. ಯುಪಿಐನಲ್ಲಿ ದುಡ್ಡು ಕಳಿಸುವಾಗ ಇದು ತಮಾಷೆಯಲ್ಲ. ಪಹಣಿಯಂಥ ಅಡ್ಡಗಲದ ಪತ್ರವನ್ನು ನಾಲ್ಕು ಇಂಚಿನಲ್ಲಿ ಓದಿದವರಿಗೆ ಆ ಕಷ್ಟ ಗೊತ್ತು. ಕಂಪ್ಯೂಟರ್ ಇಲ್ಲದ ಮನೆಗಳೇ ಹೆಚ್ಚಿರುವ ನಮ್ಮ ಕಡೆ ಈ ಫೋನೇ ಪೇಪರು, ಟಿವಿ, ಬ್ಯಾಂಕು, ತಾಲೂಕು ಕಚೇರಿ.

ಹೊಸ ಫೋನನ್ನು ಎರಡೂ ಕೈಲಿ ಹಿಡಿದು ನೋಡಿದಳು. "ದೊಡ್ಡದಾಯ್ತು, ಆದ್ರೆ ಕಾಣ್ಸುತ್ತೆ" ಅಂದಳು. ತೆಳ್ಳಗಿದೆಯಾ ಅಂತ ಅವಳು ಕೇಳಲಿಲ್ಲ.

9 ನವೆಂಬರ್, ಭಾನುವಾರ

ಏರ್ ಅಂದುಕೊಂಡಷ್ಟು ಖರ್ಚಾಗುತ್ತಿಲ್ಲ, ತಯಾರಿಕೆ ತಗ್ಗಿಸಿದ್ದಾರೆ ಅಂತ ಪತ್ರಿಕೆಗಳು ಬರೆದಿವೆ. ಕಂಪನಿ ಏನೂ ಹೇಳಿಲ್ಲ. ಅಕ್ಕನ ಮಗನಿಗೆ ತೋರಿಸಿದೆ, ನಕ್ಕು ಸುಮ್ಮನಾದ.

ಯುರೋಪಿನಲ್ಲಿ 2027ರ ಫೆಬ್ರವರಿ 18ರಿಂದ ಬ್ಯಾಟರಿ ನಿಯಮ ಜಾರಿಗೆ ಬರುತ್ತದೆ. ಫೋನಿನ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು. ಬಹುಕಾಲ ಬಾಳುವ, ನೀರು ತಡೆಯುವ ಫೋನುಗಳಿಗೆ ವಿನಾಯಿತಿ ಇದೆ, ಹಾಗಾಗಿ ದೊಡ್ಡ ಕಂಪನಿಗಳು ಆ ಕಿಂಡಿಯಲ್ಲಿ ನುಸುಳಿಕೊಳ್ಳುತ್ತವೆ ಅನ್ನುವುದು ನನ್ನ ಊಹೆ. ಆದರೂ ನಿಯಮ ಇದೆ. ನಮ್ಮಲ್ಲಿ ಗ್ರಾಹಕ ವ್ಯವಹಾರ ಇಲಾಖೆ ನೇಮಿಸಿದ್ದ ಸಮಿತಿ ಈ ಮೇ ತಿಂಗಳಲ್ಲಿ ರಿಪೇರಿ ಸೂಚ್ಯಂಕದ ವರದಿ ಕೊಟ್ಟಿದೆ. ಫೋನು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಅಂತ ಅಂಕ ಕೊಟ್ಟು, ಕೊಳ್ಳುವವರಿಗೆ ಕಾಣುವಂತೆ ತೋರಿಸಬೇಕು ಅನ್ನುವುದು ಅದರ ಸಾರ. ಅದು ಬೇಗ ಡಬ್ಬಿಯ ಮೇಲೆ ಬರಬೇಕು. ಬ್ಯಾಟರಿ ಎಷ್ಟು ಸುತ್ತು ಬಾಳುತ್ತದೆ, ಫೋನು ಅಡ್ಡಕ್ಕೆ ಎಷ್ಟು, ಗೂನು ಸೇರಿ ದಪ್ಪ ಎಷ್ಟು, ಇವನ್ನೂ ಅದರ ಪಕ್ಕದಲ್ಲೇ ಬರೆಯಲಿ.

ನನ್ನ ತೀರ್ಪು ಇಷ್ಟು: ಪರದೆ ದೊಡ್ಡದಿರಲಿ, ಚಿಕ್ಕದು ಬೇಕೆನ್ನುವ ಅಂಗನವಾಡಿ ಟೀಚರಿಗೆ ಒಂದಾದರೂ ಚಿಕ್ಕದು ಮಾಡಲಿ, ಎರಡನ್ನೂ ಒಂಬತ್ತು ಹತ್ತು ಮಿಲಿಮೀಟರ್ ದಪ್ಪ ಮಾಡಿ ಆ ಜಾಗವನ್ನು ಬ್ಯಾಟರಿಗೆ ಕೊಡಲಿ. ತೆಳು ಫೋನಿಗೆ ಪೌಚ್ ಬೇಡ ಅಂದ ಗಿರಾಕಿಯನ್ನು ನಾನಿನ್ನೂ ನೋಡಿಲ್ಲ.